ನೀಲಮ್ಮನ ಎರಡನೆಯ ಫೋಟೊ

ಹೋದ ತಿಂಗಳು ನಮ್ಮ ಶಾಲೆಗೆ ಬೂಟು ಹಂಚುವವರು ಬಂದಿದ್ದರು. ಬಾದಾಮಿಯಿಂದ ಮಹಾಕೂಟದ ಕಡೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಸರ್ಕಾರಿ ಶಾಲೆ. ನಾನಲ್ಲಿ ಐದನೇ ಇಯತ್ತೆಗೆ ಪಾಠ ಮಾಡುತ್ತೇನೆ. ಬಂದವರು ಒಳ್ಳೆಯವರೇ, ತಂದ ಬೂಟುಗಳೂ ಒಳ್ಳೆಯವೇ. ಆದರೆ ಅವರ ಜೊತೆ ಬಂದಿದ್ದ ಫೋಟೊದವನು ಸಾಲಾಗಿ ನಿಂತ ಮಕ್ಕಳ ಕಾಲು ನೋಡಿ ಮುಖ ಕಿವುಚಿದ. ಮಕ್ಕಳೆಲ್ಲ ಚಪ್ಪಲಿ ಹಾಕಿಕೊಂಡು ಬಂದಿದ್ದರು. "ಇವನ್ನ ಬಿಚ್ಚಿಸ್ರಿ ಮೇಡಂ, ಬರಿಗಾಲಿದ್ರ ಫೋಟೊ ಛಲೋ ಬರ್ತೈತಿ" ಅಂದ. ನನ್ನ ಮೈ ಉರಿದುಹೋಯಿತು. ಆಮೇಲೆ ನಾನು ಏನೇನು ಅಂದೆನೋ ನನಗೇ ಪೂರ್ತಿ ನೆನಪಿಲ್ಲ. ಹೆಡ್‌ಮಾಸ್ತರರು ನನ್ನನ್ನು ಒಳಗೆ ಕರೆದೊಯ್ದು ಕೂರಿಸಿ ನೀರು ಕೊಟ್ಟರು. ಚಪ್ಪಲಿಯಂಥ ಸಣ್ಣ ಮಾತಿಗೆ ಇಷ್ಟೊಂದು ಯಾಕೆ ಎಂದು ಅವರಿಗೆ ತಿಳಿಯಲಿಲ್ಲ. ಇಳಕಲ್ಲಿನಲ್ಲಿ ನಾನು ಕಳೆದ ಆ ಒಂದು ವರ್ಷದ ಸಂಗತಿ ಅವರಿಗೆ ಗೊತ್ತಿಲ್ಲ.

ಎಂಟು ವರ್ಷದ ಹಿಂದಿನ ಮಾತು. ಬಿ.ಎಡ್. ಮುಗಿಸಿ ಶಿರೂರಿನ ನಮ್ಮ ಮನೆಯಲ್ಲಿ ಸುಮ್ಮನೆ ಕುಳಿತಿದ್ದೆ. ಸರ್ಕಾರದ ನೇಮಕಾತಿ ಇವತ್ತು ಬಂತು ನಾಳೆ ಬಂತು ಎಂದು ಕಾದು ಕಾದು ಮನೆಯವರ ಬಾಯಿಗೆ ತುತ್ತಾಗಿದ್ದೆ. ಆಗ ಹಲವು ದೇಶಗಳಲ್ಲಿ ಕೆಲಸ ಮಾಡುವ ಒಂದು ಸಂಸ್ಥೆಯ ಬಾಗಲಕೋಟೆ ಆಫೀಸಿನವರು ಇಂಗ್ಲಿಷ್ ಬಲ್ಲ ಹೆಣ್ಣುಮಕ್ಕಳು ಬೇಕೆಂದು ಕರೆದರು. ಹೆಸರು ಹೇಳುವುದಿಲ್ಲ. ಈಗ ಆ ಬೋರ್ಡೂ ಅಲ್ಲಿಲ್ಲ. ಅವರ ಕೆಲಸ ಹೀಗಿತ್ತು: ನಮ್ಮ ಜಿಲ್ಲೆಯ ಒಂದು ಬಡ ಮಗುವಿಗೆ ಹೊರದೇಶದ ಒಬ್ಬ ದಾನಿಯನ್ನು ಗಂಟು ಹಾಕುವುದು. ಮಗು ದಾನಿಗೆ ಕಾಗದ ಬರೆಯಬೇಕು, ವರ್ಷಕ್ಕೊಮ್ಮೆ ಮಗುವಿನ ಫೋಟೊ ಹೋಗಬೇಕು. ದಾನಿ ಮಗುವಿನ ಓದಿನ ಖರ್ಚು ನೋಡಿಕೊಳ್ಳುತ್ತಾರೆ. ಏಳನೇ ಇಯತ್ತೆ ಮುಗಿಸಿದ ಹುಡುಗಿಯರಿಗೆ ಬಾಗಲಕೋಟೆಯಲ್ಲಿ ಹಾಸ್ಟೆಲ್ಲು, ಹೈಸ್ಕೂಲು ಎಲ್ಲ ಅವರದೇ. ನನ್ನನ್ನು ಇಳಕಲ್ಲಿಗೆ ಹಾಕಿದರು. ನೇಕಾರರ ಓಣಿಗಳಲ್ಲಿ ಮನೆ ಮನೆಗೆ ಹೋಗಿ ಮಕ್ಕಳಿಂದ ಕಾಗದ ಬರೆಸುವುದು, ಅದನ್ನು ಇಂಗ್ಲಿಷಿಗೆ ಮಾಡುವುದು, ಆಫೀಸಿನ ಟ್ಯಾಬಿನಲ್ಲಿ ಫೋಟೊ ತೆಗೆಯುವುದು ನನ್ನ ಪಾಲಿನ ಕೆಲಸ.

ಜೂನ್ ತಿಂಗಳಲ್ಲಿ ತರಬೇತಿ. ಆಫೀಸಿನ ಮುಖ್ಯಸ್ಥರನ್ನು ಎಲ್ಲರೂ ಸರ್ ಅನ್ನುತ್ತಿದ್ದರು. ನಾನೂ ಇಲ್ಲಿ ಸರ್ ಎಂದೇ ಬರೆಯುತ್ತೇನೆ, ಹೆಸರು ಬರೆಯುವಷ್ಟು ಮರ್ಯಾದೆ ಕೊಡುವ ಮನಸ್ಸು ನನಗೆ ಇವತ್ತಿಗೂ ಇಲ್ಲ. ಅವರು ಒಂದು ದೊಡ್ಡ ಫೋಟೊ ಎತ್ತಿ ತೋರಿಸಿದರು. ಮಧ್ಯ ಅಮೆರಿಕದ ಗ್ವಾಟೆಮಾಲಾ ಅನ್ನುವ ದೇಶದ ಹುಡುಗಿ, ಹನ್ನೊಂದು ಹನ್ನೆರಡು ವರ್ಷ ಇರಬೇಕು. ಕೆದರಿದ ಕೂದಲು, ತೋಳು ಹರಿದ ಅಂಗಿ, ಬರಿಗಾಲು. ಮಣ್ಣಿನ ನೆಲದ ಮೇಲೆ ಕುಳಿತು ನೇಯುತ್ತಿದ್ದಾಳೆ. ಮಗ್ಗದ ಒಂದು ತುದಿ ಕಂಬಕ್ಕೆ, ಇನ್ನೊಂದು ತುದಿ ಅವಳ ಸೊಂಟಕ್ಕೇ ಕಟ್ಟಿದೆ. ತಲೆ ಎತ್ತಿ ನಮ್ಮನ್ನು ನೋಡುತ್ತಿದ್ದಾಳೆ, ಕಣ್ಣಲ್ಲಿ ನೀರು ಇನ್ನೇನು ಬಿತ್ತು ಅನ್ನುವ ಹಾಗೆ. ಫೋಟೊ ಅಂದರೆ ಹೀಗಿರಬೇಕು, ಇದನ್ನು ಕಳಿಸಿದ ಒಂದೇ ವಾರದೊಳಗೆ ಆ ಹುಡುಗಿಯ ಇಡೀ ಊರಿನ ಮಕ್ಕಳಿಗೆ ದಾನಿಗಳು ಸಿಕ್ಕರು ಎಂದು ಸರ್ ಹೇಳಿದರು. ನಾವೆಲ್ಲ ತಲೆ ಆಡಿಸಿದೆವು. ನಾನು ಮುಂದಿನ ಸಾಲಿನಲ್ಲಿದ್ದೆ, ಆ ಹುಡುಗಿಯ ಪಾದ ಚೆನ್ನಾಗಿ ಕಾಣುತ್ತಿತ್ತು. ಪಾದದ ಮೇಲೆ ಅಡ್ಡಡ್ಡ ಎರಡು ಬಿಳಿ ಪಟ್ಟಿ, ಬಿಸಿಲಿಗೆ ಕಪ್ಪಾದ ಚರ್ಮದ ನಡುವೆ. ದಿನಾ ಚಪ್ಪಲಿ ಹಾಕುವವರ ಕಾಲಿಗೆ ಬೀಳುವ ಗುರುತು ಅದು. ನೋಡಿದೆ, ಆದರೆ ಯೋಚಿಸಲಿಲ್ಲ. ಹೊಸ ಕೆಲಸ ಸಿಕ್ಕ ಖುಷಿಯಲ್ಲಿದ್ದೆನಲ್ಲ.

ನನ್ನ ಪಟ್ಟಿಯಲ್ಲಿದ್ದ ಮಕ್ಕಳಲ್ಲಿ ನೀಲಮ್ಮ ಒಬ್ಬಳು. ಮನೆಯಲ್ಲಿ ನೀಲಿ. ಏಳನೇ ಇಯತ್ತೆ, ಓದಿನಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಅಪ್ಪ ಮಲ್ಲಪ್ಪ ನೇಕಾರ. ಅವ್ವ ಶಾಂತವ್ವ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವವಳು. ಓಣಿಗೆ ಬಾಗಿಲಿರುವ ಒಂದೇ ಕೋಣೆಯ ಮನೆ, ಅದರಲ್ಲಿ ಅರ್ಧ ಜಾಗ ಕುಣಿಮಗ್ಗಕ್ಕೆ. ಮಲ್ಲಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಮನೆಯೊಳಗೆ ಹೋಗುವವರು ಅವನ ಬೆನ್ನಿನ ಹಿಂದಿನಿಂದ ಅಡ್ಡಡ್ಡಲಾಗಿ ಹೋಗಬೇಕು. ಅವನ ಕಣ್ಣು ಎರಡು ವರ್ಷದಿಂದ ಮಂಜಾಗುತ್ತ ಬಂದಿತ್ತು. ಇಳಕಲ್ ಸೀರೆಯ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೂ ಕೊಂಡಿ ಹಾಕಿ ಜೋಡಿಸಬೇಕು. ಕಣ್ಣು ಸರಿ ಇಲ್ಲದವನಿಗೆ ಅದು ಆಗದ ಕೆಲಸ. ಸೆರಗು ನೇಯಲು ಕುಳಿತಾಗಲೂ ಮಗ್ಗದ ಇನ್ನೊಂದು ಬದಿಯಿಂದ ಲಾಳಿ ತೆಗೆದುಕೊಡಲು ಇನ್ನೊಂದು ಕೈ ಬೇಕು. ಆ ಕೈ ನೀಲಿಯದು ಎಂದು ಓಣಿಯವರೆಲ್ಲ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು.

ಊರಲ್ಲಿ ಹೈಸ್ಕೂಲು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ಪುಕ್ಕಟೆಯೂ ಇತ್ತು. ಆದರೆ ಮನೆಯಲ್ಲಿರುವ ಹುಡುಗಿ ಮಗ್ಗದ ಕೈಗೆ ಸಿಗುತ್ತಾಳೆ. ಇವತ್ತೊಂದು ದಿನ ಸಾಲಿ ಬಿಡು, ಸೆರಗು ಮುಗಿಯಲಿ ಅನ್ನುತ್ತಾರೆ. ಅಂಥ ಒಂದೊಂದೇ ದಿನ ಸೇರಿ ವರ್ಷವಾಗುತ್ತದೆ. ಶಾಂತವ್ವನಿಗೆ ಇದು ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅವಳ ಓದೂ ಹೀಗೆಯೇ ನಿಂತದ್ದು. ಅದಕ್ಕೇ ಅವಳು ಬಾಗಲಕೋಟೆಯ ಹಾಸ್ಟೆಲ್ಲಿನ ಮೇಲೆ ಪ್ರಾಣ ಇಟ್ಟುಕೊಂಡಿದ್ದಳು. ಮಗಳು ಊರು ಬಿಟ್ಟು ಹೋದರೆ ಮಗ್ಗದ ಆ ಬದಿಗೆ ತಾನೇ ಕೂರುತ್ತೇನೆ, ಕಂಡಿಕೆಯನ್ನು ಬೆಳಿಗ್ಗೆ ಬೇಗ ಎದ್ದು ಸುತ್ತುತ್ತೇನೆ ಎಂದು ಗಂಡನನ್ನು ಒಪ್ಪಿಸಿದ್ದಳು. ನೀಲಿ ಅಂತೂ ಹಾಸ್ಟೆಲ್ಲಿನಲ್ಲಿ ತನ್ನ ಟ್ರಂಕು ಯಾವ ಗೋಡೆಗೆ ಇಡಬೇಕು ಅನ್ನುವುದನ್ನೂ ನನ್ನನ್ನು ಕೇಳಿ ಕೇಳಿ ನಿಶ್ಚಯ ಮಾಡಿಕೊಂಡಿದ್ದಳು. ಹಾಸ್ಟೆಲ್ಲಿನ ಗೋಡೆ ನಾನೇ ನೋಡಿರಲಿಲ್ಲ, ಆದರೂ ಉತ್ತರ ಹೇಳುತ್ತಿದ್ದೆ.

ನೀಲಿಯ ದಾನಿ ಒಬ್ಬ ವಯಸ್ಸಾದ ಹೆಂಗಸು, ನಿವೃತ್ತ ಶಿಕ್ಷಕಿ. ಚೆಂದದ ಅಕ್ಷರದಲ್ಲಿ ಕಾಗದ ಬರೆಯುತ್ತಿದ್ದಳು. ನೀಲಿ ಅದಕ್ಕೆ ಎರಡು ಮೂರು ಪುಟ ಉತ್ತರ ಬರೆಯುವಳು. ಎಳ್ಳಮಾಸಿಗೆ ಶೇಂಗಾ ಹೋಳಿಗೆ ಮಾಡಿದ್ದು, ತಾನು ನಾಲ್ಕು ತಿಂದು ಐದನೆಯದಕ್ಕೆ ಅವ್ವನ ಕೈಲಿ ಬೈಸಿಕೊಂಡದ್ದು, ಎಲ್ಲ ಬರೆದಿದ್ದಳು. ನಾನು ಅಷ್ಟನ್ನೂ ಇಂಗ್ಲಿಷಿಗೆ ಮಾಡಿ ಕಳಿಸಿದೆ. ಸರ್ ಫೋನು ಮಾಡಿದರು. ಹೋಳಿಗೆ ತೆಗೆದುಹಾಕು ಎಂದರು. ಯಾಕೆ ಸರ್ ಅಂದರೆ, ಹೋಳಿಗೆ ತಿನ್ನುವ ಮಗುವಿಗೆ ಯಾರು ಸಹಾಯ ಮಾಡುತ್ತಾರೆ, ನೀನೇ ಹೇಳು ಎಂದರು. ವರ್ಷಕ್ಕೆ ಒಂದು ದಿನ ಹೋಳಿಗೆ ತಿಂದರೆ ಬಡತನ ಓಡಿಹೋಗುತ್ತದೆಯೇ? ಬಡವರ ಮನೆಯಲ್ಲಿ ಅಮಾವಾಸ್ಯೆ ಹುಣ್ಣಿಮೆ ಬರುವುದಿಲ್ಲವೇ? ಕೇಳಬೇಕಿತ್ತು. ಕೇಳಲಿಲ್ಲ, ಹೋಳಿಗೆ ತೆಗೆದೆ. ಆ ಜಾಗದಲ್ಲಿ ಏನು ಹಾಕಲಿ ಎಂದು ಕೇಳಿದ್ದಕ್ಕೆ, ನೀರಿನ ತೊಂದರೆ ಇದೆ ಎಂದು ಬರೆ ಎಂದರು.

ಅದಕ್ಕಿಂತ ಮುಂಚಿನದು ಇನ್ನೊಂದಿದೆ. ದಸರೆ ಮುಗಿದ ಹೊಸದರಲ್ಲಿ, ಆಫೀಸಿನವರು ಮಾದರಿಗೆಂದು ಕೊಟ್ಟಿದ್ದ ಗ್ವಾಟೆಮಾಲಾ ಹುಡುಗಿಯ ಫೋಟೊದ ಪ್ರತಿ ನನ್ನ ಚೀಲದಲ್ಲಿತ್ತು, ನೀಲಿ ಎಳೆದು ತೆಗೆದಳು. ಮಲ್ಲಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಮೂಗಿಗೆ ತಾಗಿಸಿ ನೋಡಿದ. ಹುಡುಗಿಯ ಮುಖವನ್ನಲ್ಲ, ಅವಳ ಮಗ್ಗವನ್ನು. ನಡಕ್ಕೆ ಕಟ್ಟಿಕೊಂಡು ನೇಯುತ್ತಾಳಲ್ಲ, ಇದಕ್ಕೆ ಕುಣಿಯೂ ಬೇಡ, ಕಂಬ ಒಂದಿದ್ದರೆ ಎಲ್ಲಿ ಬೇಕಾದರೂ ನೇಯಬಹುದು ಎಂದು ಅವನಿಗೆ ಭಾರೀ ಸಂತೋಷ. ಹಾಸನ್ನು ಬಿಗಿ ಹಿಡಿಯಲು ಬೆನ್ನು ಹಿಂದಕ್ಕೆ ಒತ್ತಬೇಕು, ಸಂಜೆಗೆ ಈ ಕೂಸಿನ ಸೊಂಟ ಎಷ್ಟು ನೋಯುತ್ತದೋ ಎಂದು ಆಮೇಲೆ ಅವನೇ ಮರುಗಿದ. ನೀಲಿ ಅವತ್ತೇ ಆ ಹುಡುಗಿಗೆ ಒಂದು ಕಾಗದ ಬರೆದಳು. ನಿನ್ನ ಮಗ್ಗ ಹೇಗೆ ಕಟ್ಟುತ್ತೀ, ನಿಮ್ಮಲ್ಲಿ ಸೆರಗು ಇರುತ್ತದೆಯೋ ಇಲ್ಲವೋ, ನಿನಗೆ ಸಾಲಿ ಸೇರುತ್ತದೋ ಇಲ್ಲವೋ ಎಂದೆಲ್ಲ. ನಾನು ಆಸೆಯಿಂದ ಆಫೀಸಿಗೆ ಒಯ್ದುಕೊಟ್ಟೆ. ಸರ್ ನಕ್ಕರು. ನೆರವು ಪಡೆಯುವ ಮಕ್ಕಳು ಒಬ್ಬರಿಗೊಬ್ಬರು ಬರೆಯುವ ಪದ್ಧತಿ ಇಲ್ಲ ಎಂದು ಕಾಗದವನ್ನು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದರು. ಸಾವಿರಾರು ಮೈಲು ಆಚೆಯ ಇಬ್ಬರು ನೇಕಾರರ ಹೆಣ್ಣುಮಕ್ಕಳು ಮಾತಾಡಿಕೊಂಡರೆ ಇವರ ಗಂಟೇನು ಹೋಗುತ್ತಿತ್ತು? ಮಗು ದಾನಿಯ ಕಡೆಗೆ ಮಾತ್ರ ನೋಡಬೇಕು, ಅದೂ ತಲೆ ಎತ್ತಿ, ಕೆಳಗಿನಿಂದ. ನೀಲಿಗೆ ಕಾಗದ ಹೋಯಿತು ಎಂದು ಸುಳ್ಳು ಹೇಳಿದೆ.

ಈಗ ಆ ಫೋಟೊದ ವಿಷಯಕ್ಕೆ ಬರುತ್ತೇನೆ. ಸಂಕ್ರಾಂತಿ ಮುಗಿದ ಮೇಲೆ ವರ್ಷದ ಫೋಟೊ ತೆಗೆಯಬೇಕಾಗಿತ್ತು. ಅಮಾವಾಸ್ಯೆಯ ದಿನ ಬರಲು ಶಾಂತವ್ವ ಹೇಳಿದಳು, ಅವತ್ತು ಅವರ ಓಣಿಯಲ್ಲಿ ಯಾರೂ ಮಗ್ಗಕ್ಕೆ ಕೈ ಹಚ್ಚುವುದಿಲ್ಲ. ಮಗ್ಗ ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆಯುತ್ತಾರೆ. ನಾನು ಹೋದಾಗ ನೀಲಿಯ ಗುರುತೇ ಹತ್ತಲಿಲ್ಲ. ಹಿಮ್ಮಡಿ ಮುಟ್ಟುವ ದಾಳಿಂಬೆ ಬಣ್ಣದ ರೇಷ್ಮೆ ಪರಕಾರ, ಮೇಲೆ ಗುಳೇದಗುಡ್ಡದ ಖಣದ ಪೋಲಕ. ಪರಕಾರದ ಬಟ್ಟೆ ಮಲ್ಲಪ್ಪ ಎಷ್ಟೋ ಸೀರೆಗಳ ಕೊನೆಯಲ್ಲಿ ಉಳಿದ ನೂಲು ಕೂಡಿಸಿ ಮಗಳಿಗೆಂದೇ ನೇಯ್ದದ್ದು. ಕೊರಳಲ್ಲಿ ಬಂಗಾರದ ಬೋರಮಾಳ, ಅದು ಎದುರು ಮನೆಯ ಕಾಶವ್ವನದು. ಕಿವಿಯ ಝುಮಕಿ ಇನ್ನೊಬ್ಬರ ಮನೆಯದು. ಎರಡು ಜಡೆಗೂ ಅಬ್ಬಲಿಗೆ ಹೂ. ಪರದೇಶದ ಹಿರಿಯರು ನೋಡುವ ಫೋಟೊ, ಬೋಳು ಕೊರಳಲ್ಲಿ ಮಗಳನ್ನು ಹೇಗೆ ನಿಲ್ಲಿಸುವುದು ಎಂದು ಓಣಿಯ ಹೆಂಗಸರೆಲ್ಲ ಸೇರಿ ಸಿಂಗರಿಸಿದ್ದರು. ನಮ್ಮ ಕಡೆ ಇದು ಯಾರೂ ಹೇಳಿಕೊಡುವ ಮಾತಲ್ಲ. ಯಾರಾದರೂ ಮಗಳನ್ನು ನೋಡುತ್ತಾರೆಂದರೆ ಇಲ್ಲದ್ದನ್ನು ಕೇಳಿ ತಂದಾದರೂ ಹಾಕುತ್ತೇವೆ.

ನಾನಾದರೂ ತಡೆಯಬೇಕಿತ್ತೋ ಇಲ್ಲವೋ? ತರಬೇತಿ ಪಡೆದವಳು, ಟ್ಯಾಬು ಹಿಡಿದವಳು. ಆದರೆ ನಾನೂ ಇದೇ ಮಣ್ಣಿನವಳು. ಕೈ ಬರಿದಾಗಿದೆಯಲ್ಲ ಎಂದು ನನ್ನ ಕೈಗಡಿಯಾರ ಬಿಚ್ಚಿ ನೀಲಿಯ ಕೈಗೆ ಕಟ್ಟಿದೆ! ಪೂಜೆ ಮಾಡಿದ ಮಗ್ಗದ ಪಕ್ಕ ಅವಳು ನೆಟ್ಟಗೆ ನಿಂತಳು, ಹಲ್ಲು ಬಿಟ್ಟು ನಕ್ಕಳು, ನಾನು ತೆಗೆದೆ. ಅಂಥ ಚೆಂದದ ಫೋಟೊ ನಾನು ಆಮೇಲೆ ಎಂದೂ ತೆಗೆದಿಲ್ಲ. ಅಲ್ಲೇ ಕುಳಿತು ಕಳಿಸಿಯೂ ಬಿಟ್ಟೆ. ಕಾಶವ್ವ ನನಗೂ ಒಂದು ಹೂವಿನ ತುಂಡು ಮುಡಿಸಿ ಕಳಿಸಿದಳು.

ಶಿವರಾತ್ರಿ ದಾಟಿದ ಮೇಲೆ ಸರ್ ನನ್ನನ್ನು ಬಾಗಲಕೋಟೆಗೆ ಕರೆಸಿದರು. ಹುನಗುಂದದ ಬಸ್ಸು ಹಿಡಿದು, ಅಲ್ಲಿ ಇಳಿದು ಇನ್ನೊಂದು ಹತ್ತಿ, ಬಿಸಿಲಲ್ಲಿ ಬೆವೆತು ಹೋದೆ. ದಾನಿಯ ಕಾಗದ ಮೇಜಿನ ಮೇಲಿತ್ತು. ನೀಲಮ್ಮನ ಕುಟುಂಬ ಇಷ್ಟು ಬೇಗ ಏಳಿಗೆಗೆ ಬಂದದ್ದು ನೋಡಿ ನನಗೆ ಆನಂದವಾಗಿದೆ, ಇನ್ನು ನನ್ನ ನೆರವನ್ನು ನಿಜವಾಗಿ ಕಷ್ಟದಲ್ಲಿರುವ ಮಗುವಿಗೆ ಕೊಡಿ ಎಂದು ಆ ಅಜ್ಜಿ ಬರೆದಿದ್ದಳು. ವ್ಯಂಗ್ಯ ಇಲ್ಲ, ಸಿಟ್ಟಿಲ್ಲ, ಮನಸಾರೆ ಬರೆದಿದ್ದಳು. ನೆರವು ಗ್ವಾಟೆಮಾಲಾದ ಒಂದು ಹುಡುಗಿಗೆ ಹೋಗಿತ್ತು. ಹಾಸ್ಟೆಲ್ಲಿನ ಪಟ್ಟಿಯಲ್ಲಿ ನೀಲಿಯ ಹೆಸರಿನ ಮೇಲೆ ಗೆರೆ ಎಳೆದಾಗಿತ್ತು. ನಾನು ನಿಂತಲ್ಲೇ ಬೋರಮಾಳ ಯಾರದು, ಝುಮಕಿ ಯಾರದು, ಗಡಿಯಾರ ಯಾರದು ಎಂದು ಹೇಳತೊಡಗಿದೆ. ಹಾಗಂತ ಒಂದು ಕಾಗದ ಬರೆಯಿರಿ ಸರ್, ಅವರು ಶಿಕ್ಷಕಿ, ಅವರಿಗೆ ತಿಳಿಯುತ್ತದೆ ಎಂದು ಕೈ ಮುಗಿದೆ. ದಾನಿಗಳಿಗೆ ಗೊಂದಲ ಮಾಡಬಾರದು ಎಂದರು. ಮಗುವಿನ ಬಾಳು ಹೋದರೆ ಅಡ್ಡಿಯಿಲ್ಲ, ದಾನಿಗೆ ಗೊಂದಲ ಆಗಬಾರದು!

ಒಂದೇ ದಾರಿ ಇದೆ ಎಂದರು ಸರ್. ಹೊಸ ದಾನಿಯನ್ನು ಹುಡುಕೋಣ, ತಿಂಗಳ ಕೊನೆಯೊಳಗೆ ಇನ್ನೊಂದು ಫೋಟೊ ಬೇಕು. ಹಳೆಯ ಹರಿದ ಬಟ್ಟೆ ಹಾಕಿಸು, ಎಣ್ಣೆ ಬಾಚಣಿಗೆ ಬೇಡ, ಕುಣಿಯೊಳಗೆ ಕೂರಿಸು, ನಗಬಾರದು. ಹೇಳುತ್ತ ಗ್ವಾಟೆಮಾಲಾ ಹುಡುಗಿಯ ಫೋಟೊವನ್ನು ಮತ್ತೆ ನನ್ನ ಮುಂದೆ ತಳ್ಳಿದರು. ಆಗ ನನಗೆ ಆ ಪಾದದ ಬಿಳಿ ಪಟ್ಟಿಗಳ ಅರ್ಥವಾಯಿತು. ಆ ಹುಡುಗಿಗೂ ಚಪ್ಪಲಿ ಇದ್ದವು. ಅವಳ ಊರಿಗೂ ನನ್ನಂಥವಳೊಬ್ಬಳು ಹೋಗಿ, ಚಪ್ಪಲಿ ಬಿಚ್ಚಿಡು ತಾಯಿ, ತಲೆ ಕೆದರಿಕೋ, ಸ್ವಲ್ಪ ಅಳು ಎಂದು ಹೇಳಿದ್ದಾಳೆ. ಅವಳ ಅವ್ವ ಬಾಗಿಲಲ್ಲಿ ನಿಂತು ನೋಡಿದ್ದಾಳೆ. ಆದರೂ ಅವತ್ತು ಟ್ಯಾಬು ಚೀಲಕ್ಕೆ ಹಾಕಿಕೊಂಡು ಇಳಕಲ್ಲಿಗೆ ಹೊರಟೆ. ನೀಲಿಯ ಹಾಸ್ಟೆಲ್ಲು ಕಣ್ಣ ಮುಂದಿತ್ತಲ್ಲ.

ಶಾಂತವ್ವ ಬಾಗಿಲಲ್ಲಿ ಕಂಡಿಕೆ ಸುತ್ತುತ್ತ ಕುಳಿತಿದ್ದಳು. ಮಲ್ಲಪ್ಪ ನೂಲು ತರಲು ಹೋಗಿದ್ದ. ನೀಲಿ ಒಳಗಿದ್ದಾಳೆ ಎಂದಳು. ನಾನು ಒಳಗೆ ಹೋಗದೆ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅವಳು ರಾಟೆ ನಿಲ್ಲಿಸಿ ಕೇಳಿದಳು. ಬೋರಮಾಳ ನೋಡಿ ಸಾಹುಕಾರರು ಅಂದುಕೊಂಡರೇ ಎಂದು ಮೊದಲು ನಕ್ಕಳು. ನೆರವು ಎಲ್ಲಿಗೆ ಹೋಯಿತು ಎಂದು ಆಮೇಲೆ ಕೇಳಿದಳು, ಹೇಳಿದೆ.

"ಅದ ನಡಕ್ಕ ಮಗ್ಗಾ ಕಟ್ಕೊಂಡ ಹುಡುಗಿ ದೇಶಕ್ಕೇನ್ರಿ?" ಎಂದಳು. ಹೌದೆಂದೆ. "ಹೋಗ್ಲಿ ಬಿಡ್ರಿ. ಆಕೀನೂ ಒಬ್ಬಾಕಿ ತಾಯಿ ಮಗಳ ಅಲ್ಲೇನ್ರಿ. ಆಕಿ ಸೊಂಟಾರೆ ಉಳಿಲಿ."

ಈ ಮಾತು ಸರ್ ಬಾಯಿಂದ, ದಾನಿಯ ಬಾಯಿಂದ, ಯಾರ ಬಾಯಿಂದಲೂ ನಾನು ಕೇಳಿರಲಿಲ್ಲ. ಆಮೇಲೆ ಎರಡನೆಯ ಫೋಟೊದ ವಿಷಯ ಹೇಳಬೇಕಾಯಿತು. ನಾಚಿಕೆಯಿಂದ ನೆಲ ನೋಡುತ್ತ ಹೇಳಿದೆ. ಶಾಂತವ್ವ ಕಂಡಿಕೆ ಕೆಳಗಿಟ್ಟಳು. ಮಗ್ಗದ ಕಡೆ ತಿರುಗಿ ನೋಡಿದಳು, ಅದರ ಮೇಲೆ ಅರ್ಧ ನೇಯ್ದ ಹಸಿರು ಸೀರೆ ಇತ್ತು.

"ಬಟ್ಟಿ ನೇಯೋರ ಮಗಳು ಹರಕ ಬಟ್ಟಿ ಹಾಕ್ಕೊಂಡು ಇದರ ಮುಂದ ನಿಂತ್ಲಂದ್ರ, ಬರೂ ಅಮಾಸಿಗಿ ನಾ ಯಾವ ಮಾರಿಲೆ ಇದಕ್ಕ ಕುಂಕಮ ಹಚ್ಚಲಿ ಅಕ್ಕಾರ?" ಎಂದಳು. ನನ್ನ ಕಡೆ ತಿರುಗಿ ಮತ್ತೆ ಅಂದಳು: "ಆದ್ರ ಸಾಲಿ ತಪ್ಪತೈತಲ್ರಿ. ನನಗ ತಿಳಿಯಾಂಗಿಲ್ಲ. ನೀವು ಕಲಿತವ್ರು. ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ."

ನನ್ನ ತಲೆಯಲ್ಲಿ ಆ ಬಿಳಿ ಪಟ್ಟಿಗಳು, ಕಾಗದದ ಬುಟ್ಟಿ, ತೆಗೆದುಹಾಕಿದ ಹೋಳಿಗೆ, ಎಲ್ಲ ಒಟ್ಟಿಗೆ ಕುದಿಯುತ್ತಿದ್ದವು. ಬೇಡ ಶಾಂತಕ್ಕ, ಇಂಥ ಫೋಟೊ ನಾನು ತೆಗೆಯುವುದಿಲ್ಲ, ಸತ್ತರೂ ತೆಗೆಯುವುದಿಲ್ಲ ಎಂದೆ. ಸರ್ಕಾರಿ ಹಾಸ್ಟೆಲ್ಲುಗಳಿವೆ, ಜೂನಿನಲ್ಲಿ ನಾನೇ ಬಂದು ಅರ್ಜಿ ತುಂಬಿಸುತ್ತೇನೆ, ನೀಲಿಯ ಓದು ನನ್ನ ಜವಾಬ್ದಾರಿ ಎಂದೆ. ಶಾಂತವ್ವನ ಕಣ್ಣು ತುಂಬಿ ಬಂತು. ನನ್ನ ಕೈ ಹಿಡಿದುಕೊಂಡು, ನೀವು ನನ್ನ ಮನೆತನದ ಮಾನ ಉಳಿಸಿದಿರಿ ಎಂದಳು. ನನಗೆ ಆ ಗಳಿಗೆಯಲ್ಲಿ ನಾನು ಬಹಳ ದೊಡ್ಡವಳು ಅನ್ನಿಸಿತು.

ಮರುದಿನ ಬಾಗಲಕೋಟೆಗೆ ಹೋಗಿ ಟ್ಯಾಬನ್ನು ಸರ್ ಮೇಜಿನ ಮೇಲೆ ಕುಕ್ಕಿದೆ. ಇಡೀ ಆಫೀಸು ಎದ್ದು ನಿಲ್ಲುವಂತೆ ಬೈದೆ. ನಿಮ್ಮ ಮಗಳನ್ನು ಹರಕು ಬಟ್ಟೆಯಲ್ಲಿ ನಿಲ್ಲಿಸಿ ಫೋಟೊ ತೆಗೆಯಿರಿ, ಮೊದಲು ಅದನ್ನು ಕಳಿಸೋಣ ಎಂದೆ. ಸರ್ ಮುಖ ಬಿಳಿಚಿಕೊಂಡಿತು. ಕೆಲಸ ಬಿಟ್ಟು ಬಂದೆ. ಶಿರೂರಿನ ನಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ, ಗೆಳತಿಯರ ಮುಂದೆ ಈ ಕತೆ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹೇಳಿದಾಗಲೆಲ್ಲ ಬೈಗಳಿಗೆ ಇನ್ನೊಂದು ಮಾತು ಸೇರಿಸುತ್ತಿದ್ದೆ. ಭೇಷ್ ಅನ್ನುತ್ತಿದ್ದರು ಎಲ್ಲರೂ.

ಏಪ್ರಿಲ್ ಕೊನೆಗೆ ಶಿಕ್ಷಕರ ನೇಮಕಾತಿಯ ಪರೀಕ್ಷೆ ಘೋಷಣೆಯಾಯಿತು. ಕೋಣೆಯ ಬಾಗಿಲು ಹಾಕಿಕೊಂಡು ಓದಲು ಕುಳಿತೆ. ಜೂನ್ ಬಂತು, ಹೋಯಿತು. ಇಳಕಲ್ಲಿಗೆ ಹೋಗಬೇಕು ಎಂದು ದಿನಕ್ಕೊಮ್ಮೆ ನೆನಪಾಗುತ್ತಿತ್ತು, ಪರೀಕ್ಷೆ ಮುಗಿಯಲಿ ಅಂದುಕೊಳ್ಳುತ್ತಿದ್ದೆ. ಮಗ್ಗದ ಮನೆಯವರು ಇವತ್ತೊಂದು ದಿನ ಅನ್ನುತ್ತಾರೆಂದು ಮೇಲೆ ಬರೆದೆನಲ್ಲ, ನಾನು ಮಾಡಿದ್ದು ಬೇರೆ ಏನಲ್ಲ. ಪರೀಕ್ಷೆ ಮುಗಿದು ಶ್ರಾವಣದಲ್ಲಿ ಸರ್ಕಾರಿ ಹಾಸ್ಟೆಲ್ಲಿನ ಕಚೇರಿಗೆ ಹೋಗಿ ಕೇಳಿದರೆ ಸೀಟು ತುಂಬಿ ತಿಂಗಳಾಯಿತು ಎಂದರು. ಬೈಯಲು ಬಾಯಿ ತೆರೆದೆ, ಆದರೆ ಅಲ್ಲಿ ಕುಳಿತ ಗುಮಾಸ್ತನದು ಏನೂ ತಪ್ಪಿರಲಿಲ್ಲ. ಅಲ್ಲಿಂದ ನೇರ ಇಳಕಲ್ಲಿನ ಬಸ್ಸು ಹತ್ತಿದೆ.

ಮಧ್ಯಾಹ್ನವಾಗಿತ್ತು. ಬಾಗಿಲು ತೆರೆದಿತ್ತು, ಮಗ್ಗದ ಸಪ್ಪಳ ಓಣಿಗೇ ಕೇಳುತ್ತಿತ್ತು. ಮಲ್ಲಪ್ಪ ಕುಣಿಯಲ್ಲಿ, ನೀಲಿ ಆ ಬದಿಯಲ್ಲಿ. ಸೆರಗು ನಡೆದಿತ್ತು. ಶಾಂತವ್ವ ನನಗೆ ಚಾ ಇಟ್ಟಳು, ಮೊದಲಿನಷ್ಟೇ ಪ್ರೀತಿಯಿಂದ ಮಾತಾಡಿದಳು, ತಡವಾಯಿತೇಕೆ ಎಂದು ಕೇಳಲಿಲ್ಲ. ಊರಿನ ಹೈಸ್ಕೂಲಿಗೆ ಹೆಸರು ಹಚ್ಚಿಸಿದ್ದರಂತೆ. ಹದಿನೈದು ದಿನ ಹೋದಳು, ಆಮೇಲೆ ಇವರ ಕಣ್ಣು ಪೂರಾ ಕೈಕೊಟ್ಟಿತು ಎಂದಳು. ಶಾಂತವ್ವನ ಕೈ ಕಂಡಿಕೆಗೆ ಒಗ್ಗಿದ್ದು, ಕೊಂಡಿಗೆ ಒಗ್ಗಲಿಲ್ಲವಂತೆ. ನಾನು ಮತ್ತೆ ಆ ಸಂಸ್ಥೆಯವರನ್ನು ಬೈಯಲು ಶುರುಮಾಡಿದೆ. ಅವರು ಕಟುಕರು, ಮಕ್ಕಳ ಕಣ್ಣೀರು ಮಾರುವವರು, ಅವರಿಗೆ ಒಳ್ಳೆಯದಾಗುವುದಿಲ್ಲ ಎಂದು ದನಿ ಏರಿಸಿದೆ. ನೀಲಿ ಲಾಳಿ ಹಿಡಿದ ಕೈ ನಿಲ್ಲಿಸಿದಳು.

"ಅಕ್ಕಾರ, ಅವತ್ತ ನೀವೂ ಅವ್ವನೂ ಬಾಗಲದಾಗ ಮಾತಾಡೂ ಮುಂದ ನಾ ಒಳಗ ನಿಂತ ಎಲ್ಲಾ ಕೇಳಿದ್ನಿ. ಹಳೇ ಅಂಗಿ ಹುಡುಕಿ ತಗದು ಹಾಕ್ಕೊಂಡಿದ್ನಿ. ತ್ವಾಳ ಹರದಿತ್ತು. ಜಡಿನೂ ಬಿಚ್ಚಿದ್ನಿ. ನೀವು ಕರೀತೀರಂತ ಕಾಯ್ಕೋತ ನಿಂತಿದ್ನಿ."

ಶಾಂತವ್ವ ಚಾ ಸೋಸುತ್ತಿದ್ದವಳು ತಿರುಗಿ ನೋಡಿದಳು. ಅವಳಿಗೂ ಇದು ಗೊತ್ತಿರಲಿಲ್ಲ ಎಂದು ಅವಳ ಮುಖದಲ್ಲೇ ಕಂಡಿತು.

"ಅವ್ವಗ ಮಗ್ಗದ ಮರ್ಯಾದಿ ದೊಡ್ಡದಾತು. ನಿಮಗ ನಿಮ್ಮ ಸಿಟ್ಟು ದೊಡ್ಡದಾತು" ಎಂದಳು ನೀಲಿ. ದನಿಯಲ್ಲಿ ಅಳು ಇರಲಿಲ್ಲ. "ಸಾಲಿಗಿ ಹೋಗಾಕಿ ನಾ ಇದ್ನಿ. ನನ್ನ ಒಂದ್ ಮಾತು ಕೇಳಬೇಕಿತ್ತಿಲ್ರಿ?"

ಮಲ್ಲಪ್ಪ ಕುಣಿಯಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಇವತ್ತಿಗೂ ಆ ಸಂಸ್ಥೆಯ ಮೇಲೆ ನನ್ನ ಸಿಟ್ಟು ಒಂದು ಗುಂಜಿಯಷ್ಟೂ ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಹನ್ನೆರಡು ವರ್ಷದ ಆ ಹುಡುಗಿ ತನ್ನ ಓದಿಗಾಗಿ ಹರಕು ಅಂಗಿ ತೊಡಲು ಒಪ್ಪಿ ನಿಂತಿದ್ದಾಗ, ಅವಳ ಪರವಾಗಿ ಒಲ್ಲೆ ಅಂದವಳು ನಾನು. ಅವರು ಅವಳನ್ನು ಕೇಳದೆ ಪಟ್ಟಿಯಿಂದ ಹೆಸರು ಹೊಡೆದರು, ನಾನು ಅವಳನ್ನು ಕೇಳದೆ ಅವಳ ಮಾನ ಕಾಯ್ದೆ. ಆ ಮಾನ ಕಾಯ್ದ ಕತೆಗೆ ಊರೂರಲ್ಲಿ ಭೇಷ್ ಅನ್ನಿಸಿಕೊಂಡೆ ಬೇರೆ, ಥೂ.

ಚಾ ಆರುತ್ತಿತ್ತು. ತಡವಾದರೂ ಕೇಳಲೇಬೇಕು ಅನ್ನಿಸಿ ಕೇಳಿದೆ. ಬರುವ ವರ್ಷ ಮೊದಲ ದಿನವೇ ಅರ್ಜಿ ಹಾಕುತ್ತೇನೆ, ಹಾಸ್ಟೆಲ್ಲಿಗೆ ಹೋಗುತ್ತೀಯಾ ನೀಲಿ ಎಂದೆ. ಅವಳು ಅಪ್ಪನ ಕಡೆ ನೋಡಿದಳು. ಮಲ್ಲಪ್ಪನ ಬಲಗೈ ಹಾಸಿನ ಅಂಚಿನಲ್ಲಿ ಅಂಗೈ ಮೇಲೆ ಮಾಡಿ ಕಾಯುತ್ತಿತ್ತು, ಲಾಳಿ ಎಲ್ಲಿಂದ ಬರುತ್ತದೆ ಎಂದು ಅವನು ನೋಡುತ್ತಿರಲಿಲ್ಲ, ನೋಡಲು ಅವನಿಗೆ ಆಗುತ್ತಲೂ ಇರಲಿಲ್ಲ.

"ಈಗ ಒಲ್ಲೆರಿ ಅಕ್ಕಾರ" ಎಂದಳು ನೀಲಿ. "ಈಗ ಅಪ್ಪಗ ನನ್ನ ಕೈ ರೂಢಿ ಆಗ್ಯಾವ."

ಲಾಳಿಯನ್ನು ಅವನ ಅಂಗೈಗೆ ಇಟ್ಟು ಮುಂದಿನ ಎಳೆಗೆ ಬಾಗಿದಳು.